ಒಂದೇ ಕಾರ್ನೆಟ್ಟು, ಎರಡು ಮೌತ್‌ಪೀಸು

ಹಳೆಯ ಸಹಪಾಠಿ ಶಿವರಾಮಯ್ಯನ ಅಂಚೆ ಕಾರ್ಡು ಗುಬ್ಬಿಯ ತಾಲ್ಲೂಕು ಕಚೇರಿಯ ವಿಳಾಸಕ್ಕೇ ಬಂತು. ಕಾರ್ಡು ಅಂದಮೇಲೆ ಕೊಡುವ ಮೊದಲು ಜವಾನ ಓದಿರುತ್ತಾನೆ, ಕೊಟ್ಟಮೇಲೆ ಪಕ್ಕದ ಮೇಜಿನವರು ಓದುತ್ತಾರೆ. ಗುಮಾಸ್ತ ಹೊನ್ನಯ್ಯ ಹೈಸ್ಕೂಲಿನಲ್ಲಿ ಬ್ಯಾಂಡು ಬಾರಿಸುತ್ತಿದ್ದನೆಂಬ ಸುದ್ದಿ ಹನ್ನೊಂದು ಗಂಟೆಯೊಳಗೆ ಇಡೀ ಕಚೇರಿ ಸುತ್ತಿತ್ತು. "ಏನ್ ಹೊನ್ನಯ್ಯ, ಡೋಲು ಬಡೀತಿದ್ರಂತೆ," ಎಂದು ಶಿರಸ್ತೇದಾರರು ನಕ್ಕರು. ಹೊನ್ನಯ್ಯನೂ ನಕ್ಕ.

ಕಾರ್ಡಿನಲ್ಲಿದ್ದದ್ದು ಇಷ್ಟು. ತುಮಕೂರಿನಲ್ಲಿ ತಾವೆಲ್ಲ ಓದಿದ ಹೈಸ್ಕೂಲಿಗೆ ಈ ಡಿಸೆಂಬರಿಗೆ, ಅಂದರೆ ೧೯೮೩ರ ಕೊನೆಗೆ, ಐವತ್ತು ವರ್ಷ ತುಂಬುತ್ತದೆ. ಹಳೆಯ ಬ್ಯಾಂಡಿನವರು ಸೇರಿ ಟೌನ್‌ಹಾಲಿನಿಂದ ಸ್ಕೂಲಿನ ಗೇಟಿನವರೆಗೆ ಮಾರ್ಚ್ ಮಾಡಬೇಕು. ಹನ್ನೊಂದು ಜನ ಸಿಕ್ಕಿದ್ದಾರೆ. ಭಾನುವಾರ ಗುಬ್ಬಿಯಲ್ಲೇ, ಏಕಾಂತಯ್ಯನ ಕೊಬ್ಬರಿ ಮಂಡಿಯ ಅಂಗಳದಲ್ಲಿ ಪ್ರಾಕ್ಟೀಸು. ನೀನು ಸೈಡ್ ಡ್ರಮ್.

ನೀನು ಏನು ನುಡಿಸುತ್ತೀ ಎಂದು ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಹೆಂಡತಿ ದೊಡ್ಡಗಂಗಮ್ಮ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನಿಮ್ಮಪ್ಪ ಊರ ಮುಂದೆ ತಮಟೆ ಬಡ್ದು ಬಡ್ದು ಬೆರಳು ಸೊಟ್ಟ ಮಾಡ್ಕೊಂಡು ಸತ್ತ. ನೀನು ಪ್ಯಾಂಟು ಇಸ್ತ್ರಿ ಮಾಡ್ಸ್ಕೊಂಡು ಬಡಿಯಾಕೆ ಹೊಂಟಿದ್ದೀಯ."

"ಇದು ಬ್ಯಾಂಡು ಕಣೇ. ಬೇರೆ."

"ಊದೋರು ಯಾರು?"

"ಅವ್ರೇ. ಏಕಾಂತಯ್ಯ, ಸುಬ್ಬಕೃಷ್ಣ…"

"ಬಡಿಯೋನು ನೀನು. ಏನ್ ಬೇರೆ ಅದು, ಹೇಳು ನೋಡಾನ."

ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೊನ್ನಯ್ಯನಿಗೆ ಹದಿನಾಲ್ಕನೇ ವಯಸ್ಸಿನಿಂದ ಗೊತ್ತಿತ್ತು. ಡ್ರಿಲ್ ಮೇಷ್ಟರು ವಾದ್ಯಗಳನ್ನು ಎರಡು ಗುಡ್ಡೆ ಹಾಕುತ್ತಿದ್ದರು. ಬಾಯಿಗಿಡುವವು ಒಂದು ಕಡೆ, ಕೈಯಲ್ಲಿ ಬಾರಿಸುವವು ಇನ್ನೊಂದು ಕಡೆ. ಬಾಯಿಗಿಡುವ ವಾದ್ಯ ಈ ವರ್ಷ ಒಬ್ಬ ಹುಡುಗನ ಬಾಯಲ್ಲಿದ್ದರೆ ಮುಂದಿನ ವರ್ಷ ಇನ್ನೊಬ್ಬನ ಬಾಯಿಗೆ ಹೋಗಬೇಕು. ಆದ್ದರಿಂದ ಹರಿಜನ ಹಾಸ್ಟೆಲಿನ ಹುಡುಗರಿಗೆಲ್ಲ ಡ್ರಮ್ಮು. "ನಿಮ್ಗೆ ಕೈಯಲ್ಲೇ ಇದೆ ಕಣ್ರೋ ವಿದ್ಯೆ," ಎಂದು ಮೇಷ್ಟರು ಹೊಗಳುತ್ತಿದ್ದರು. ಹೊಗಳಿಕೆಯ ವೇಷದಲ್ಲಿ ಬರುವ ಬಾರುಕೋಲಿನ ಬಾಸುಂಡೆ ಕಾಣುವುದಿಲ್ಲ, ಅಷ್ಟೇ. ಆದರೆ ಪ್ರತಿ ಶುಕ್ರವಾರ ಹುಣಸೆಹಣ್ಣು ಬೂದಿ ಹಾಕಿ ಹಿತ್ತಾಳೆ ತಿಕ್ಕುವ ಕೆಲಸ ಮಾತ್ರ ಹಾಸ್ಟೆಲಿನವರದ್ದೇ. ಹಾಗೆ ತಿಕ್ಕುತ್ತ ತಿಕ್ಕುತ್ತ, ಉಗ್ರಾಣದ ಬಾಗಿಲು ಹಾಕಿಕೊಂಡು, ಹೊನ್ನಯ್ಯ ಗಿಡ್ಡ ತುತ್ತೂರಿಯಂಥ ಕಾರ್ನೆಟ್ಟನ್ನು ಬಾಯಿಗಿಟ್ಟಿದ್ದ. ಮೂರು ಶುಕ್ರವಾರ ಬರೀ ಗಾಳಿ. ನಾಲ್ಕನೆಯದಕ್ಕೆ ಸ್ವರ. ಎರಡು ವರ್ಷದಲ್ಲಿ, ಯಾರೂ ಕಲಿಸದೆ, ಮಾರ್ಚಿಗೆ ಮೊದಲು ಊದುವ ಸಲಾಮಿಯ ಕರೆಯಿಂದ ಹಿಡಿದು ಮಾರ್ಚಿನ ಕೊನೆಯ ಸಾಲಿನವರೆಗೆ ಎಲ್ಲ ಬಂದಿತ್ತು. ಒಂದು ಶುಕ್ರವಾರ, ಬ್ಯಾಂಡಿನಲ್ಲಿ ಕಾರ್ನೆಟ್ಟು ಊದುತ್ತಿದ್ದ ಏಕಾಂತಯ್ಯ ಕೇಳಿಸಿಕೊಂಡು ಮೇಷ್ಟರಿಗೆ ಹೇಳಿದ. ಮೇಷ್ಟರು ಅದರ ತುದಿಯ ಮೌತ್‌ಪೀಸನ್ನು ಕಿತ್ತು ಕೆಂಡದಲ್ಲಿಡಿಸಿದರು. ಶುದ್ಧವಾಗಿ ಹೊರಬಂದ ಅದು ಸೊಟ್ಟಗಾಗಿತ್ತು, ಯಾರ ಬಾಯಿಗೂ ಆಗಲಿಲ್ಲ. ಹೊನ್ನಯ್ಯನಿಗೆ ಹತ್ತು ಏಟು.

ಇಷ್ಟೆಲ್ಲ ನೆನಪಿದ್ದೂ ಅವನು ಭಾನುವಾರ ಹೋದ. ಯಾಕೆಂದರೆ ಕಾರ್ಡು ಓದಿದ ಕ್ಷಣದಿಂದ ಅವನ ಎಡಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ಕುಟ್ಟುತ್ತಿತ್ತು.

ಮಂಡಿಯ ಅಂಗಳದಲ್ಲಿ ಹನ್ನೊಂದು ಹೊಟ್ಟೆಗಳು ಸಾಲಾಗಿ ನಿಂತವು. ಕುಣಿಗಲ್ಲಿನ ಸ್ಕೂಲಿನಲ್ಲಿ ಪೀಟಿ ಮೇಷ್ಟರಾಗಿದ್ದ ಶಿವರಾಮಯ್ಯ ಕೋಲು ಹಿಡಿದು ಮುಂದೆ ನಿಂತ. ಬಾಸ್ ಡ್ರಮ್ ಹೊತ್ತ ಅಂಜನಮೂರ್ತಿ ಬಸ್ ಕಂಡಕ್ಟರ್. "ಮುಂದೆ ಹೋಗ್ರಿ, ಮುಂದೆ ಹೋಗ್ರಿ, ಒಳಗೆ ಜಾಗ ಐತೆ," ಎಂದು ಹಿಂದಿನಿಂದ ಎಲ್ಲರನ್ನೂ ಹೊಟ್ಟೆಯಿಂದಲೇ ತಳ್ಳಿದ. ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಬ್ಯಾಂಕಿನ ಸುಬ್ಬಕೃಷ್ಣ ಕ್ಲಾರಿನೆಟ್ಟಿನಿಂದ ಮೊದಲು ಹೊರಡಿಸಿದ್ದು ಕೋಳಿ ಕೊಯ್ದ ಸದ್ದು. ಎಲ್ಲರೂ ಕೂತು ನಕ್ಕರು. ಆಮೇಲೆ ಎದ್ದು ನಡೆದರು.

ಮೊದಲ ಸುತ್ತಿನಲ್ಲಿ ಒಬ್ಬರ ಕಾಲು ಒಬ್ಬರಿಗೆ ತಾಗಿತು. ಎರಡನೆಯದರಲ್ಲಿ ತಾವೇ ಹೆಜ್ಜೆ ಎಣಿಸಿಕೊಂಡರು. ಮೂರನೆಯದರಲ್ಲಿ ಯಾರೂ ಎಣಿಸಲಿಲ್ಲ. ಹೊನ್ನಯ್ಯನ ಕೋಲು ಬಿದ್ದಲ್ಲಿ ಹನ್ನೊಂದು ಎಡಗಾಲು ಬೀಳುತ್ತಿತ್ತು. ಹದಿನೆಂಟು ವರ್ಷದಿಂದ ಕಚೇರಿಯ ಗೋಡೆಗೆ ಒತ್ತಿಕೊಂಡೇ ಓಡಾಡಿ ಅಭ್ಯಾಸವಾಗಿದ್ದ ಅವನು, ಅಂಗಳದ ನಟ್ಟನಡುವೆ, ಎದೆ ಮುಂದಕ್ಕಿಟ್ಟು ನಡೆಯುತ್ತಿದ್ದ. ಏಕಾಂತಯ್ಯನ ಕಾರ್ನೆಟ್ಟಿನ ಸ್ವರ ಅವನ ಡ್ರಮ್ಮಿನ ಮೇಲೆ ಕೂತು ಸವಾರಿ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆದರಿಸಿತು.

ಪ್ರಾಕ್ಟೀಸು ಮುಗಿದ ಮೇಲೆ ಕಾಫಿ ಬಂತು. ತಟ್ಟೆಯಲ್ಲಿ ಹತ್ತು ಸ್ಟೀಲ್ ಲೋಟ, ಒಂದು ಗಾಜಿನ ಲೋಟ. ಗಾಜಿನದು ಹೊನ್ನಯ್ಯನ ಕಡೆಗೆ ತಿರುಗಿತು. ಇರಲಿ, ಮನೆಯಲ್ಲಿ ಸ್ಟೀಲು ಹತ್ತೇ ಇದ್ದಿರಬಹುದು ಎಂದುಕೊಂಡು ಕುಡಿದ. ಏಕಾಂತಯ್ಯ, ಹಣೆಯ ವಿಭೂತಿಯ ಮೇಲಿನ ಬೆವರನ್ನು ಒರೆಸುತ್ತ, ಬೆನ್ನು ತಟ್ಟಿದ. "ಹೊನ್ನ, ಗ್ಯಾಪ್ಕ ಐತೇನ್ಲಾ? ಕದ್ದು ಊದಿ ಹತ್ತು ಏಟು ತಿಂದಿದ್ದಲ್ಲ. ನಾನೇ ಎಣಿಸಿದ್ದೆ."

"ಐತೆ, ಏಕಾಂತಯ್ಯೋರೆ."

"ಎಂಥಾ ಕಾಲ ಅದು," ಎಂದು ಏಕಾಂತಯ್ಯ ನಿಟ್ಟುಸಿರಿಟ್ಟ. ಒಳ್ಳೆಯ ಕಾಲ ಎನ್ನುವಂತೆ.

ಮುಂದಿನ ಭಾನುವಾರ ಒಬ್ಬ ಬಂದಿರಲಿಲ್ಲ. ತಟ್ಟೆಯಲ್ಲಿ ಮತ್ತೆ ಹತ್ತು ಸ್ಟೀಲ್ ಲೋಟ, ಒಂದು ಗಾಜು. ಒಂಬತ್ತು ಜನ ಒಂಬತ್ತು ಸ್ಟೀಲ್ ಎತ್ತಿಕೊಂಡರು. ಹತ್ತನೆಯದು ತುಂಬಿದ ಕಾಫಿಯೊಂದಿಗೆ ತಟ್ಟೆಯಲ್ಲೇ ಆರಿತು. ಹೊನ್ನಯ್ಯ ಗಾಜಿನಲ್ಲಿ ಕುಡಿದ. ಅದಾದ ಮೇಲೂ, ಸೋಮವಾರದಿಂದಲೇ ಭಾನುವಾರಕ್ಕೆ ಕಾದ. ಕಾಯುತ್ತಿದ್ದೇನಲ್ಲ ಎಂದು ನಾಚಿದ.

ಸ್ಕೂಲಿನ ಉಗ್ರಾಣದಿಂದ ಬಂದ ಮೂರು ಕಾರ್ನೆಟ್ಟುಗಳಲ್ಲಿ ಎರಡರ, ಬೆರಳಿನಿಂದ ಒತ್ತುವ ಕೀಲಿಗಳು ಹಿಡಿದುಹೋಗಿದ್ದವು. ಕೆಲಸಕ್ಕೆ ಬರುತ್ತಿದ್ದದ್ದು ಒಂದೇ, ಅದು ಏಕಾಂತಯ್ಯನ ಕೈಯಲ್ಲಿತ್ತು. ಆದರೆ ಏಕಾಂತಯ್ಯನ ಮುಂದಿನ ನಾಲ್ಕು ಹಲ್ಲು ಹೋಗಿ ಕಟ್ಟಿಸಿದ ಸೆಟ್ಟು ಬಂದಿತ್ತು. ಮಾರ್ಚಿನ ತಗ್ಗಿನ ಸ್ವರಗಳಿಗೆ ಅದು ತಡೆಯುತ್ತಿತ್ತು. ಸಲಾಮಿಯ ಕರೆ ಮೇಲಕ್ಕೆ ಏರಬೇಕು. ಅಲ್ಲಿ ಸೆಟ್ಟು ಅಲ್ಲಾಡಿ ಗಾಳಿ ಪಕ್ಕಕ್ಕೆ ಹೋಗುತ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಹೇಳರು. ಅವನು ಜಾಗ ಕೊಟ್ಟವನು, ಸ್ಕೂಲಿನ ಉತ್ಸವ ಸಮಿತಿಯಲ್ಲಿದ್ದವನು.

ನವೆಂಬರಿನಲ್ಲಿ ಶಿವರಾಮಯ್ಯ ಪರೀಕ್ಷೆಗೆಂದು ಎಲ್ಲರನ್ನೂ ಕುಣಿಗಲ್ಲಿಗೆ ಕರೆಸಿದ. ಅವನ ಸ್ಕೂಲಿನ ಆಟೋಟದ ದಿನ. ಮೈದಾನದ ತುಂಬ ಮಕ್ಕಳು, ಕೆರೆಯ ಕಡೆಯಿಂದ ತಣ್ಣನೆ ಗಾಳಿ. ಬ್ಯಾಂಡು ನಿಂತಿತು. ಏಕಾಂತಯ್ಯ ಕರೆ ಊದಿದ. ಮೂರನೆಯ ಸ್ವರಕ್ಕೆ ಟೈರು ಪಂಕ್ಚರ್ ಆದಂತೆ ಸದ್ದು ಬಂತು. ಮಕ್ಕಳು ಗೊಳ್ಳೆಂದರು. ಇನ್ನೊಮ್ಮೆ ಊದಿದ; ಸೆಟ್ಟು ಅರ್ಧ ಹೊರಗೆ ಬಂತು. ಕಾರ್ನೆಟ್ಟನ್ನು ಮೋಟುಗೋಡೆಯ ಮೇಲಿಟ್ಟು ನಲ್ಲಿಯ ಕಡೆ ಹೋದ.

ಹೊನ್ನಯ್ಯ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ ಕಾರ್ನೆಟ್ಟನ್ನು ಎತ್ತಿಕೊಂಡ. ಹಾಗೆ ಮಾಡಬೇಕೆಂದು ಯೋಚಿಸಿರಲಿಲ್ಲ. ಕೊಳವೆಯ ಕೆಳಗಿನ ಕೀಲಿ ಒತ್ತಿ ಒಳಗೆ ಕಟ್ಟಿಕೊಂಡಿದ್ದ ಉಸಿರಿನ ನೀರನ್ನು ಬಿಟ್ಟ. ಊದಿದ. ಕರೆ ಮೇಲೇರಿತು, ಅಲ್ಲಿ ನಿಂತಿತು, ಮೈದಾನ ದಾಟಿ ಹೋಯಿತು. ಮಕ್ಕಳ ನಗು ನಿಂತಿತು. ಇಪ್ಪತ್ತಾರು ವರ್ಷದ ಹಿಂದೆ ಬಾಗಿಲು ಹಾಕಿಕೊಂಡು ಊದಿದ್ದು, ಬಯಲಿನಲ್ಲಿ ಹೇಗೆ ಕೇಳುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

"ಲೇ, ಎಲ್ಲಿ ಬಚ್ಚಿಟ್ಟಿದ್ಲಾ ಇದ್ನ," ಎಂದ ಅಂಜನಮೂರ್ತಿ.

ಏಕಾಂತಯ್ಯ ಮುಖದಿಂದ ನೀರಿಳಿಸುತ್ತ ಬಂದು ನಿಂತಿದ್ದ. "ಚೆನ್ನಾಗ್ ಊದ್ದೆ," ಎಂದ. ಕಾರ್ನೆಟ್ಟು ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಹೊನ್ನಯ್ಯ ಅದನ್ನು ಮತ್ತೆ ಗೋಡೆಯ ಮೇಲಿಟ್ಟ. ಆವತ್ತು ಉಳಿದ ಮಾರ್ಚೆಲ್ಲ ಕ್ಲಾರಿನೆಟ್ಟಿನಲ್ಲೇ ನಡೆಯಿತು. ವಾಪಸ್ಸು ಹೊರಟಾಗ ಹತ್ತು ಜನ ಒಬ್ಬರ ಹಿಂದೊಬ್ಬರು ಆ ಗೋಡೆಯ ಪಕ್ಕದಲ್ಲೇ ನಡೆದು ಬಸ್ ಹತ್ತಿದರು. ಬಸ್ಸು ಊರು ಬಿಡುವಾಗ ಹೊನ್ನಯ್ಯ ಸುತ್ತ ನೋಡಿದ. ಎಲ್ಲರ ಮಡಿಲಲ್ಲೂ ಅವರವರ ವಾದ್ಯ ಇತ್ತು, ಕಾರ್ನೆಟ್ಟು ಇರಲಿಲ್ಲ. ಅಂಜನಮೂರ್ತಿ "ಹೋಲ್ಡಾನ್" ಎಂದು ಕೂಗಿ ನಿಲ್ಲಿಸಿದ. ಹೊನ್ನಯ್ಯ ಇಳಿದು ಓಡಿದ. ಅದು ಗೋಡೆಯ ಮೇಲೆ ಹಾಗೇ ಇತ್ತು. ಇನ್ನು ಅದನ್ನು ಮುಟ್ಟಬೇಕಾದವನು ಅವನೊಬ್ಬನೇ ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು.

ಮನೆಯಲ್ಲಿ ದೊಡ್ಡಗಂಗಮ್ಮ ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದಳು. "ಊದು ನೋಡಾನ."

ಊದಿದ. ಪಕ್ಕದ ಮನೆಯ ಕಿಟಕಿ ತೆರೆಯಿತು. ಅವಳು ಸೆರಗಿನಿಂದ ಅದರ ಅಗಲ ಬಾಯಿಯನ್ನು ಒರೆಸಿದಳು. "ಡ್ರಮ್ಮು ಬಾರಿಸ್ಕೊಂಡು ಬತ್ತೀಯೋ, ಬುಡ್ತೀಯೋ, ನಾ ಕೇಳಕಿಲ್ಲ. ಇದ್ನ ಊದಾಕೆ ಬುಡ್ದೆ ಹೋದ್ರೆ ಆ ಬ್ಯಾಂಡಿಗೆ ಹೋಗ್ಬ್ಯಾಡ. ಅವ್ರ ಮುಂದೆ ನೀನು ಇನ್ನೊಂದು ಕಿತ ಚಿಕ್ಕೋನಾಗಾದು ನಂಗೆ ಬ್ಯಾಡ."

ಅವಳು ಸರಿ. ಆದರೆ ಬ್ಯಾಂಡಿಗೆ ಹೋಗದಿದ್ದರೆ ಭಾನುವಾರಗಳೇ ಇರುವುದಿಲ್ಲ. ಆ ವಾರವೆಲ್ಲ ಕಡತಗಳಲ್ಲಿ ಸರ್ವೆ ನಂಬರು ತಪ್ಪು ಬರೆದ. ಏಕಾಂತಯ್ಯ ಯಾವುದೋ ಕೆಲಸಕ್ಕೆ ಕಚೇರಿಗೆ ಬಂದು, ಶಿರಸ್ತೇದಾರರ ಪಕ್ಕ ಕೂತು, ಅರ್ಧ ಗಂಟೆ ಮಾತಾಡಿ, ಹೊನ್ನಯ್ಯನನ್ನು ನೋಡಿಯೂ ನೋಡದಂತೆ ಹೋದ. ಅವರು ಏನು ಮಾತಾಡಿದರೆಂದು ಕೇಳುವಂತಿರಲಿಲ್ಲ. ಗುಬ್ಬಿಯಿಂದ ದೂರದ ಪಾವಗಡಕ್ಕೆ ವರ್ಗ ಮಾಡಿಸಲು ಅರ್ಧ ಗಂಟೆ ಬೇಕಿಲ್ಲ.

ಶನಿವಾರ ಶಿವರಾಮಯ್ಯ ಕುಣಿಗಲ್ಲಿನಿಂದ ಬಸ್ ಹತ್ತಿಕೊಂಡು ಮನೆಗೇ ಬಂದ. ಬಾಗಿಲಲ್ಲೇ ನಿಂತು ಹೇಳಿದ. "ನೋಡು ಹೊನ್ನ, ಒಂದು ದಾರಿ ಸಿಕ್ತು. ಏಕಾಂತ ಬೆಂಗಳೂರಿಂದ ಹೊಸಾ ಮೌತ್‌ಪೀಸು ತಂದವ್ನೆ. ಮಾರ್ಚು ಅವ್ನು ಊದ್ಲಿ, ಅವನ್ದು ಹಾಕ್ಕೊಂಡು. ಮೂರು ಕಡೆ ಕರೆ ಬರ್ತದಲ್ಲ, ಅದು ನೀನು, ಸ್ಕೂಲಿಂದು ಹಾಕ್ಕೊಂಡು. ಮಾರ್ಕ್ ಟೈಮ್, ನಿಂತಲ್ಲೇ ಹದಿನಾರು ಹೆಜ್ಜೆ ಕೊಡ್ತೀನಿ, ಅಷ್ಟ್ರಲ್ಲಿ ಬದಲಾಯಿಸ್ಕೊಳಿ."

"ಹೊಸದ್ಯಾಕೆ?"

"ಹಲ್ಲಿನ ಡಾಕ್ಟ್ರು ಹೇಳಿದ್ರಂತೆ. ಇನ್‌ಫೆಕ್ಷನ್ನು." ಶಿವರಾಮಯ್ಯ ಚಪ್ಪಲಿಯ ಕಡೆ ನೋಡಿದ. "ನಂಗೆ ಗೊತ್ತು ಕಣೋ. ನಂಗೂ ಗೊತ್ತಾಯ್ತದೆ. ಆದ್ರೆ ಹನ್ನೊಂದು ಜನಾನ ಸೇರ್ಸಕ್ಕೆ ಎಷ್ಟು ಒದ್ದಾಡಿದೀನಿ. ನಿಂಗೂ ಖುಷಿ ಆಯ್ತಿದೆ ಅಲ್ವಾ? ಹೇಳು, ಆಯ್ತಿಲ್ವಾ?"

ಹೊನ್ನಯ್ಯ ಒಪ್ಪಿದ. ಅವನ ಪರವಾಗಿ ಇಲ್ಲಿ ವಕೀಲಿ ಮಾಡುವುದಿಲ್ಲ. ಎದೆ ಮುಂದಿಟ್ಟು ನಡೆಯುವ ಸುಖಕ್ಕೆ ತಲೆ ಕೆಳಗಿಟ್ಟು ಒಪ್ಪಿದ. ಅವಮಾನವನ್ನು ಹದಿನಾರು ಹೆಜ್ಜೆಗೆ ಅಳೆದು ಕತ್ತರಿಸಿ ಕೊಟ್ಟರೆ ಅದಕ್ಕೆ ಏರ್ಪಾಡು ಎಂದು ಹೆಸರು. ಕಚೇರಿಗಳೂ ಬ್ಯಾಂಡುಗಳೂ ಅದರಲ್ಲೇ ನಡೆಯುತ್ತವೆ.

ಪ್ರಾಕ್ಟೀಸಿನಲ್ಲಿ ಏರ್ಪಾಡು ಸಲೀಸಾಗಿ ನಡೆಯಿತು. ಹೊನ್ನಯ್ಯ ಕರೆ ಊದಿ, ತನ್ನದನ್ನು ಕಿತ್ತು ಜೇಬಿಗೆ ಹಾಕಿ, ಕಾರ್ನೆಟ್ಟು ಕೊಡುವನು. ಏಕಾಂತಯ್ಯ ಕೀಲಿ ಒತ್ತಿ ನೀರು ಕೊಡವಿ, ಬಿಳಿ ಕರ್ಚೀಫಿನಿಂದ ತನ್ನದನ್ನು ತೆಗೆದು ಸಿಕ್ಕಿಸುವನು. ಸುಬ್ಬಕೃಷ್ಣ ಒಂದು ಸಲ, ಬ್ಯಾಂಕಿನವನ ಕುತೂಹಲದಲ್ಲಿ, "ಪೈಪು ಮಾತ್ರ ಒಂದೇ ಅಲ್ವೇನ್ರಿ, ಉಸಿರು ಒಳಗೆ ಮಿಕ್ಸಾಗಲ್ವೆ?" ಎಂದ. ಯಾರೂ ನಗಲಿಲ್ಲ. ಆಮೇಲಿನಿಂದ ಏಕಾಂತಯ್ಯ ನೀರು ಕೊಡವಲು ಎರಡು ಹೆಜ್ಜೆ ಹೆಚ್ಚು ತೆಗೆದುಕೊಂಡ.

ಡಿಸೆಂಬರಿನ ಆ ಭಾನುವಾರ ಬೆಳಗ್ಗೆ ಟೌನ್‌ಹಾಲ್ ಮುಂದೆ ಹನ್ನೊಂದು ಬಿಳಿ ಪ್ಯಾಂಟುಗಳು ನಿಂತವು. ದೊಡ್ಡಗಂಗಮ್ಮ ಬಂದಿರಲಿಲ್ಲ, ಬರುವುದಿಲ್ಲವೆಂದು ಹೇಳಿಯೇ ಇದ್ದಳು. ಹೊನ್ನಯ್ಯ ಜೇಬಿನಲ್ಲಿ ಮೌತ್‌ಪೀಸು ಇದೆಯೇ ಎಂದು ಐದು ಸಲ ಮುಟ್ಟಿ ನೋಡಿಕೊಂಡ. ಮೊದಲ ಕರೆ ಸರಿ ಹೋಯಿತು. ಬದಲಾಯಿಸಿದರು, ಹೊರಟರು. ಬಿ.ಎಚ್. ರಸ್ತೆಯ ಆಟೋಗಳು ಪಕ್ಕಕ್ಕೆ ಸರಿದವು, ಸಿಟಿ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಅಂಗಡಿಗಳ ಮೆಟ್ಟಿಲ ಮೇಲೆ ಜನ. ಬಾಸ್ ಡ್ರಮ್ಮಿನ ಪೆಟ್ಟು ಕಟ್ಟಡಗಳಿಗೆ ಬಡಿದು ಹಿಂದಕ್ಕೆ ಬರುತ್ತಿತ್ತು. ಅರ್ಧ ದಾರಿಯ ಎರಡನೆಯ ಕರೆಯೂ ಸರಿ ಹೋಯಿತು. ಇನ್ನೊಂದು, ಇನ್ನೊಂದು ಮುಗಿದರೆ ಮುಗಿಯಿತು ಎಂದು ಹೊನ್ನಯ್ಯ ಡ್ರಮ್ಮಿನ ಲಯದಲ್ಲೇ ಹೇಳಿಕೊಂಡ. ಮುಗಿಯುತ್ತಲ್ಲ ಎಂಬ ಸಂಕಟವೂ ಅದರಲ್ಲೇ ಇತ್ತು.

ಸ್ಕೂಲಿನ ಗೇಟಿನಲ್ಲಿ ಬಾಳೆಕಂದು ಕಟ್ಟಿದ್ದರು. ಹೆಡ್‌ಮಾಸ್ಟರು, ಅತಿಥಿಗಳು, ಏಕಾಂತಯ್ಯನ ಸಮಿತಿಯವರು ಹಾರ ಹಿಡಿದು ನಿಂತಿದ್ದರು. ಶಿವರಾಮಯ್ಯ ಕೋಲು ಎತ್ತಿದ. ಬ್ಯಾಂಡು ನಿಂತಲ್ಲೇ ಹೆಜ್ಜೆ ಹಾಕತೊಡಗಿತು. ಒಂದು, ಎರಡು. ಏಕಾಂತಯ್ಯ ತನ್ನ ಮೌತ್‌ಪೀಸನ್ನು ತಿರುಗಿಸಿದ. ಬರಲಿಲ್ಲ. ಎರಡನೆಯ ಸಲ ಸಿಕ್ಕಿಸುವಾಗ ಅವಸರದಲ್ಲಿ ಒಂದು ಏಟು ಹೊಡೆದಿದ್ದ. ಹಿತ್ತಾಳೆಗೆ ಹಿತ್ತಾಳೆ ಕಚ್ಚಿಕೊಂಡಿತ್ತು. ಆರು, ಏಳು. ಕರ್ಚೀಫು ಸುತ್ತಿ ತಿರುಗಿಸಿದ. ಬೆವರು ವಿಭೂತಿಯನ್ನು ಕರಗಿಸಿ ಕಣ್ಣಿಗೆ ಇಳಿಸಿತು. ಹನ್ನೊಂದು, ಹನ್ನೆರಡು.

"ಕರೆ ಬ್ಯಾಡ," ಎಂದ ಏಕಾಂತಯ್ಯ, ತುಟಿ ಅಲ್ಲಾಡಿಸದೆ. "ಹಂಗೇ ಒಳೀಕ್ ಹೋಗಾನ."

"ಕರೆ ಇಲ್ದೆ ಹೆಂಗ್ ಹೋಗಾದು," ಎಂದ ಅಂಜನಮೂರ್ತಿ ಹಿಂದಿನಿಂದ, ಪೆಟ್ಟು ತಪ್ಪಿಸದೆ. "ಅಲ್ಲಿ ಬಾವುಟ ಏರ್ಸಕ್ಕೆ ಕಾಯ್ತವ್ರೆ."

ಹೊನ್ನಯ್ಯ ಕೈ ಚಾಚಿದ. "ಕೊಡಿ."

"ಬರ್ತಿಲ್ಲ ಕಣಯ್ಯಾ ಇದು."

"ಹಂಗೇ ಕೊಡಿ."

ಏಕಾಂತಯ್ಯ ಕೊಡಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಹೊನ್ನಯ್ಯ ಅದನ್ನು ತೆಗೆದುಕೊಂಡ. ಜೇಬಿನಲ್ಲಿ ಸ್ಕೂಲಿನದು ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಬೇರೆಯವನ ಮಡಿಯನ್ನು ತನ್ನ ಕೈಯಾರೆ ಕಾಯುವ ಕೆಲಸ ಇವತ್ತಿಗೆ ಸಾಕಾಗಿತ್ತು. ಏಕಾಂತಯ್ಯನ ಮೌತ್‌ಪೀಸಿಗೆ ಬಾಯಿಟ್ಟ. ಅದು ಬೆಚ್ಚಗಿತ್ತು, ಏಲಕ್ಕಿಯ ವಾಸನೆ ಇತ್ತು. ಊದಿದ. ಸ್ವರ ನಡುಗಲಿಲ್ಲ. ಗೇಟಿನಲ್ಲಿದ್ದವರು ನೆಟ್ಟಗಾದರು.

ಕರೆ ಮುಗಿಯಿತು. ಈಗ ಮಾರ್ಚು ಶುರುವಾಗಬೇಕು, ಅದು ಏಕಾಂತಯ್ಯನದು. ಹೊನ್ನಯ್ಯ ಕಾರ್ನೆಟ್ಟನ್ನು ಅವನ ಮುಂದೆ ಹಿಡಿದ. ಒರೆಸಲಿಲ್ಲ.

ಏಕಾಂತಯ್ಯ ಅದನ್ನು ನೋಡಿದ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಇಡೀ ಬ್ಯಾಂಡು ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಹದಿನಾರು ಆಯಿತು, ಮತ್ತೆ ಹದಿನಾರು. ಶಿವರಾಮಯ್ಯನ ಕೋಲು ಗಾಳಿಯಲ್ಲಿ ಸಿಕ್ಕಿಕೊಂಡಿತ್ತು. ಇಳಿಸಿದರೆ ಮಾರ್ಚು, ಆದರೆ ಊದುವವರಿಲ್ಲ. ಗೇಟಿನಲ್ಲಿ ಯಾರೋ ಯಾರದೋ ಕಿವಿಯಲ್ಲಿ ಏನೋ ಹೇಳಿದರು. ಸಾಲಿನಲ್ಲಿ ಒಬ್ಬನ ಹೆಜ್ಜೆ ತಪ್ಪಿತು, ಆಮೇಲೆ ಇನ್ನೊಬ್ಬನದು. ಬ್ಯಾಂಡು ಒಡೆಯುವ ಸದ್ದು ಹೀಗೇ ಇರುತ್ತದೆ ಎಂದು ಹೊನ್ನಯ್ಯನಿಗೆ ಗೊತ್ತಾಯಿತು. ಒಡೆದರೆ ನಾಳೆಯ ಮಾತು ಏನೆಂಬುದೂ ಗೊತ್ತಿತ್ತು. ಹೊನ್ನನಿಂದ ಕೆಟ್ಟಿತು.

ಅವನು ಡ್ರಮ್ಮಿನ ಪಟ್ಟಿಯನ್ನು ಹೆಗಲಿನಿಂದ ತೆಗೆದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕೈ ಹಿಂದೆ ಕಟ್ಟಿ ನಿಂತಿದ್ದ ಏಕಾಂತಯ್ಯನ ಕೊರಳಿಗೆ ಹಾಕಿದ. ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟ.

"ಏನೋ ಇದು," ಎಂದ ಏಕಾಂತಯ್ಯ.

"ಬಾರ್ಸು, ಏಕಾಂತ. ಕಾಲು ನಿಂತೋಯ್ತಾವೆ."

ಹಾಗೆ ಹೇಳಿ ತಿರುಗಿ, ಶಿವರಾಮಯ್ಯನ ಕೋಲಿಗೆ ಕಾಯದೆ, ಕಾರ್ನೆಟ್ಟನ್ನು ಎತ್ತಿ ಮಾರ್ಚಿನ ಮೊದಲ ಸಾಲನ್ನು ಊದುತ್ತ ಗೇಟಿನ ಕಡೆಗೆ ಹೆಜ್ಜೆ ಹಾಕಿದ.

ಕಾರ್ನೆಟ್ಟು ಊದುವವನು ಹಿಂದೆ ತಿರುಗಿ ನೋಡುವಂತಿಲ್ಲ. ತಿರುಗಿದರೆ ತುಟಿ ಜಾರುತ್ತದೆ. ಹಿಂದೆ ಎಷ್ಟು ಜನ ಬರುತ್ತಿದ್ದಾರೆ, ಯಾರಾದರೂ ಬರುತ್ತಿದ್ದಾರೆಯೇ ಎಂಬುದನ್ನು ಅವನು ಕಿವಿಯಿಂದಲೇ ತಿಳಿಯಬೇಕಿತ್ತು. ಮೊದಲ ನಾಲ್ಕು ಹೆಜ್ಜೆ ಬರೀ ಅವನ ಬೂಟಿನ ಸದ್ದು. ಐದನೆಯದಕ್ಕೆ ಬಾಸ್ ಡ್ರಮ್ಮು ಬಂತು, ಅಂಜನಮೂರ್ತಿಯ ಪೆಟ್ಟು. ಎರಡನೆಯ ಸಾಲಿಗೆ ಕ್ಲಾರಿನೆಟ್ಟು, ಒಂದು ಸ್ವರ ತಡವಾಗಿ, ಓಡಿ ಬಂದವನಂತೆ. ಬೂಟುಗಳು ಒಂದೊಂದಾಗಿ ಸೇರಿಕೊಂಡವು. ಬಾಳೆಕಂದು ಎರಡೂ ಬದಿಯಲ್ಲಿ ಹಿಂದಕ್ಕೆ ಸರಿಯಿತು. ಹಾರ ಹಿಡಿದ ಕೈಯೊಂದು ಮುಂದೆ ಬಂದು, ಯಾರಿಗೆ ಹಾಕುವುದೆಂದು ತಿಳಿಯದೆ, ಅಲ್ಲೇ ನಿಂತಿತು.

ಆಮೇಲೆ ಸೈಡ್ ಡ್ರಮ್ಮು ಕೇಳಿಸಿತು. ತಪ್ಪು ಕಾಲಿಗೆ, ಕೆಟ್ಟದಾಗಿ, ಕೊಬ್ಬರಿ ಒಡೆದ ಹಾಗೆ. ಅದು ಮನಸ್ಸು ಬದಲಾದ ಸದ್ದಲ್ಲ. ಊರಿನವರ ಎದುರು ಕೊರಳಲ್ಲಿ ಡ್ರಮ್ಮು ನೇತುಹಾಕಿಕೊಂಡು ಸುಮ್ಮನೆ ನಡೆಯುವವನು ಬಾರಿಸುವವನಿಗಿಂತ ನಗೆಪಾಟಲಾಗುತ್ತಾನೆ, ಅಷ್ಟಕ್ಕೇ ಬಂದ ಸದ್ದು. ಹೊನ್ನಯ್ಯನಿಗೆ ಅದು ಗೊತ್ತಿತ್ತು. ನಾಳೆ ಸೋಮವಾರ ಎಂಬುದೂ, ಶಿರಸ್ತೇದಾರರ ಪಕ್ಕದ ಕುರ್ಚಿ ಖಾಲಿ ಇರುವುದಿಲ್ಲ ಎಂಬುದೂ ಗೊತ್ತಿತ್ತು. ಮೂರನೆಯ ಸಾಲು ಉದ್ದದ್ದು. ಅದಕ್ಕೆ ಬೇಕಾಗುವಷ್ಟು ಉಸಿರನ್ನು ಮೂಗಿನಿಂದ ಎಳೆದುಕೊಂಡ, ತಪ್ಪು ಕಾಲಿಗೆ ಬೀಳುತ್ತಿದ್ದ ಡ್ರಮ್ಮು ಕೇಳಿ ತನ್ನ ಹೆಜ್ಜೆಯನ್ನು ಬದಲಾಯಿಸಲಿಲ್ಲ, ಊದಿದ.